ಹಳೇ ರ‍್ಯಾಮ್ ಜೊತೆ ಹೊಸ ರ‍್ಯಾಮ್: ಕೂಡಿ ಬಾಳೀತೇ?

ಮನೆಯಿಂದಲೇ ಆಫೀಸ್ ಕೆಲಸ ಶುರುವಾದ ಮೇಲೆ ಪುಣೆಯ ನಮ್ಮ ಡೆಸ್ಕ್‌ಟಾಪ್ ಏದುಸಿರು ಬಿಡತೊಡಗಿತು. ಅದರಲ್ಲಿದ್ದದ್ದು 8 ಜಿಬಿಯ ಒಂದು ಡಿಡಿಆರ್4 ರ‍್ಯಾಮ್, ವೇಗ 2666. ಮುಂಬೈಗೆ ಹೋದಾಗ ಲ್ಯಾಮಿಂಗ್ಟನ್ ರೋಡಿನಲ್ಲಿ ಇನ್ನೊಂದು 8 ಜಿಬಿ ಕೊಂಡೆ. ಬೇರೆ ಕಂಪನಿಯದು, ವೇಗ 3200. ಹಾಕಿದೊಡನೆ 16 ಜಿಬಿ ಎಂದು ತೋರಿಸಿತು. ಅಷ್ಟಕ್ಕೇ ಸುಮ್ಮನಿರಬೇಕಿತ್ತು.

ಇಂಥ ಜೋಡಿ ಸಾಮಾನ್ಯವಾಗಿ ಕಡಿಮೆ ವೇಗದ್ದಕ್ಕೇ ಹೊಂದಿಕೊಂಡು ಓಡುತ್ತದೆ. ಜೋಡೆತ್ತಿನ ಬಂಡಿ ನಿಧಾನದ ಎತ್ತಿನ ನಡಿಗೆಯಲ್ಲೇ ಸಾಗುವ ಹಾಗೆ. ಕೊಟ್ಟ ದುಡ್ಡು ದಂಡವಾಗಬಾರದೆಂದು ನಾನು ಬಯಾಸ್‌ಗೆ ಹೋಗಿ ಎರಡಕ್ಕೂ 3200 ಇಟ್ಟೆ. ವಿಂಡೋಸ್ ತಕರಾರಿಲ್ಲದೆ ತೆರೆಯಿತು.

ಅದೇ ವಾರ, ಧಾರವಾಡದಿಂದ ತಂದಿದ್ದ ಅಪ್ಪನ ಹಾರ್ಡ್ ಡಿಸ್ಕಿನ ಫೋಟೋಗಳನ್ನು ಕಾಪಿ ಮಾಡಿಕೊಂಡೆ. ತಂಗಿಯ ಮದುವೆಯ ಫೋಟೋ ತೆರೆದರೆ ಮೇಲರ್ಧ ಸರಿಯಿದೆ, ಕೆಳಗೆ ಬರೀ ಬೂದು ಬಣ್ಣ. ಹೀಗೆ ಹನ್ನೊಂದು ಫೋಟೋ. ಡಿಸ್ಕೇ ಕೆಟ್ಟಿದೆ ಅಂದುಕೊಂಡೆ. ಆದರೆ ಅದನ್ನು ಹೆಂಡತಿಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಎಲ್ಲ ಫೋಟೋ ಸರಿಯಾಗಿದ್ದವು! ರಾತ್ರಿ ಮೆಮ್‌ಟೆಸ್ಟ್86 ಓಡಿಸಿದೆ. ಪರದೆ ತುಂಬ ಕೆಂಪು ಸಾಲುಗಳು. ವೇಗವನ್ನು 2666ಕ್ಕೆ ಇಳಿಸಿ ಮತ್ತೆ ಓಡಿಸಿದರೆ ಒಂದೂ ತಪ್ಪಿಲ್ಲ.

ಕಾಪಿ ಮಾಡುವಾಗ ಫೈಲು ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ಬದಲಾದರೂ ಡಿಸ್ಕಿಗೆ ಆ ತಪ್ಪೇ ಬರೆಯಲ್ಪಡುತ್ತದೆ. ತಪ್ಪು ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಸರ್ವರ್‌ಗಳಲ್ಲಿರುತ್ತದೆ, ನಮ್ಮ ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರ‍್ಯಾಮ್ ಹೊಂದದೆ ಕಂಪ್ಯೂಟರ್ ಶುರುವೇ ಆಗದಿದ್ದರೆ ನಮ್ಮ ಪುಣ್ಯ. ಶುರುವಾಗಿ ಸದ್ದಿಲ್ಲದೆ ತಪ್ಪುವುದೇ ಅಪಾಯ.

ಹಾಗೆಂದು ಬೆರೆಸಲೇಬಾರದು ಎಂದೇನಿಲ್ಲ. ಕೆಲವು ವಿಷಯ ನೆನಪಿರಲಿ:

• ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದಕ್ಕೊಂದು ಕೂಡುವುದಿಲ್ಲ. ಪಟ್ಟಿಯ ಕಚ್ಚು ಇರುವ ಜಾಗವೇ ಬೇರೆ. ಸ್ಲಾಟಿನಲ್ಲಿ ಕೂರದಿದ್ದರೆ ಒತ್ತಬೇಡಿ.

• 8 ಜಿಬಿಗೆ 4 ಜಿಬಿ ಸೇರಿಸಿದರೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಡ್ಯುಯಲ್ ಚಾನೆಲ್‌ನ ಪೂರ್ತಿ ಲಾಭ ಸಿಗುವುದು ಎರಡೂ ಒಂದೇ ಅಳತೆಯವಾದಾಗ.

• ಎರಡನ್ನೂ ಹೊಸದಾಗಿ ಕೊಳ್ಳುವುದಾದರೆ ಒಂದೇ ಪ್ಯಾಕಿನ ಕಿಟ್ ಕೊಳ್ಳಿ.

• ಬಯಾಸ್‌ನಲ್ಲಿ ವೇಗ ಏರಿಸುವ ಆಸೆ ಬೇಡ.

• ಹೊಸ ರ‍್ಯಾಮ್ ಹಾಕಿದ ರಾತ್ರಿಯೇ ಮೆಮ್‌ಟೆಸ್ಟ್ ಓಡಲು ಬಿಟ್ಟು ಮಲಗಿ. ಅಲ್ಲಿಯವರೆಗೆ ಮುಖ್ಯವಾದ ಯಾವ ಫೈಲನ್ನೂ ಮುಟ್ಟಬೇಡಿ.

ನೆಹರೂ ಪ್ಲೇಸ್ ಆಗಲಿ, ರಿಚಿ ಸ್ಟ್ರೀಟ್ ಆಗಲಿ, ಎಲ್ಲಿ ಕೊಂಡರೂ ಹೊಂದದಿದ್ದರೆ ಬದಲಾಯಿಸಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ಬಿಲ್ ಜೋಪಾನವಾಗಿಡಿ.

ಕಾಪಿ ಆಯಿತಲ್ಲ ಎಂದು ಅಪ್ಪನ ಡಿಸ್ಕನ್ನು ಅಂದೇ ಫಾರ್ಮ್ಯಾಟ್ ಮಾಡುವವನಿದ್ದೆ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆ ಡಿಸ್ಕ್ ಇಂದಿಗೂ ನಮ್ಮ ಕಪಾಟಿನಲ್ಲಿದೆ.