ಕೇಪಳ: ಅಂಗಳಕ್ಕೂ ಅಡುಗೆಗೂ

ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಕೇಪಳವನ್ನು ಯಾರೂ ನೆಟ್ಟವರಲ್ಲ. ಆದರೆ ಮುರಕಲ್ಲಿಗಾಗಿಯೂ ಮನೆಗಳಿಗಾಗಿಯೂ ಗುಡ್ಡಗಳು ಸಮತಟ್ಟಾಗುತ್ತಿರುವ ಈ ಕಾಲದಲ್ಲಿ ಅದನ್ನು ನಾವೇ ನೆಟ್ಟು ಉಳಿಸಿಕೊಳ್ಳಬೇಕಾಗಿದೆ.

ತುಳುವರ ಕೇಪುಳ, ಮಲಯಾಳಿಗಳ ಚೆತ್ತಿ ಅಥವಾ ತೆಚ್ಚಿ ಇದೇ. 1678ರಿಂದ 1693ರ ವರೆಗೆ ಆಂಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾದ 'ಹೋರ್ತುಸ್ ಮಲಬಾರಿಕುಸ್' ಗ್ರಂಥದಲ್ಲಿ ಇದರ ವರ್ಣನೆಯಿದೆ. 1753ರಲ್ಲಿ ಲಿನೇಯಸನು ಇದನ್ನು 'ಇಕ್ಸೋರಾ ಕಾಕ್ಸಿನಿಯಾ' ಎಂದು ಕರೆದನು. 'ಇಕ್ಸೋರಾ' ಎಂಬುದು 'ಈಶ್ವರ' ಶಬ್ದದ ರೂಪಾಂತರವೇ.

ಬೆಳೆಸುವ ಕ್ರಮ ಸುಲಭ. ಮಳೆಗಾಲದ ಆರಂಭದಲ್ಲಿ ಪೆನ್ಸಿಲಿನಷ್ಟು ದಪ್ಪದ, ಅರ್ಧ ಅಡಿ ಉದ್ದದ, ಮೂರು ನಾಲ್ಕು ಗೆಣ್ಣುಗಳಿರುವ ಗೆಲ್ಲನ್ನು ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಿನಲ್ಲಿಡಬೇಕು. ಚೆನ್ನಾಗಿ ಬೇರು ಬಿಟ್ಟ ಮೇಲೆ ಬಿಸಿಲು ಬೀಳುವ ಜಾಗದಲ್ಲಿ ಹಟ್ಟಿಗೊಬ್ಬರ ಹಾಕಿ ನೆಡಬೇಕು. ಇದಕ್ಕೆ ಹುಳಿಮಣ್ಣು ಇಷ್ಟ. ಸುಣ್ಣ, ಸಿಮೆಂಟು ಬಿದ್ದ ಗೋಡೆಯ ಬುಡದಲ್ಲಿ ನೆಟ್ಟರೆ ಕಬ್ಬಿಣದ ಅಂಶ ದೊರೆಯದೆ ಎಲೆಗಳು ಹಳದಿಯಾಗುತ್ತವೆ. ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ.

ಒಂದು ತಪ್ಪನ್ನು ನಾವೂ ಮಾಡಿದ್ದೇವೆ. ಅಂದಕ್ಕೆಂದು ಬಾಡಿದ ಗೊಂಚಲುಗಳನ್ನೆಲ್ಲ ಕತ್ತರಿಸಿದೆವು. ಆ ವರ್ಷ ಒಂದು ಹಣ್ಣೂ ಸಿಗಲಿಲ್ಲ. ಹೂ ಉದುರಿದ ಗೊಂಚಲಿನಲ್ಲೇ ಬಟಾಣಿ ಗಾತ್ರದ ಕಾಯಿ ಕಟ್ಟಿ, ಕೆಂಪಾಗಿ, ಕಡುಗಪ್ಪಾಗಿ ಹಣ್ಣಾಗುವುದು. ಆದುದರಿಂದ ಹಣ್ಣು ಮುಗಿದ ಮೇಲೆಯೇ ಗೆಲ್ಲು ಕತ್ತರಿಸಬೇಕು. ಹೊಸ ಚಿಗುರಿನ ತುದಿಯಲ್ಲಿ ಮತ್ತೆ ಹೂ ಬರುತ್ತದೆ.

ಹೂವನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ಅರೆದು, ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕಿದರೆ ತಂಬುಳಿ ಸಿದ್ಧ, ಕುದಿಸಬೇಕಾಗಿಲ್ಲ. ಔಷಧಿ ಸಿಂಪಡಿಸಿದ ಗಿಡದ ಹೂವನ್ನು ಮಾತ್ರ ತಿನ್ನಬಾರದು.

ವಿದ್ಯಾರ್ಥಿಗಳೇ, ಅಂದವಾದ ಹೂವೆಲ್ಲ ತಿನ್ನುವ ಹೂವಲ್ಲ. ಕಣಗಿಲೆ ಗಿಡದ ಎಲ್ಲ ಭಾಗಗಳೂ ವಿಷ. 2024ರ ಮೇ ತಿಂಗಳಲ್ಲಿ ತಿರುವಿದಾಂಕೂರು ದೇವಸ್ವಂ ಮಂಡಳಿಯು ನೈವೇದ್ಯ, ಪ್ರಸಾದಗಳಲ್ಲಿ ಕಣಗಿಲೆಯನ್ನು ಬಿಟ್ಟು ತುಳಸಿ, ತೆಚ್ಚಿ ಮೊದಲಾದವುಗಳನ್ನು ಬಳಸುವಂತೆ ಸೂಚಿಸಿತು. ಗಿಡದ ಗುರುತು ಜೀವ ಉಳಿಸುವ ವಿದ್ಯೆ. ಹೆಸರು ಮರೆತರೆ ಗುರುತೂ ಮರೆಯುತ್ತದೆ. ಈ ಮಳೆಗಾಲದಲ್ಲಿ ಪ್ರತಿಯೊಬ್ಬರೂ ಒಂದೊಂದು ಗೆಲ್ಲು ನೆಡೋಣ. ಅಜ್ಜಿಯರ ಬಾಯಲ್ಲಿರುವ ಹೆಸರಿನಿಂದಲೇ ಅದನ್ನು ಕರೆಯೋಣ.