ಉತ್ತರಿ ಮಳೆಯಿಂದ ದೀಪಾವಳಿಯವರೆಗೆ: ಮಕ್ತಲ್ ಸುತ್ತಿನ ನಡಿಗೆಯಲ್ಲಿ ಏನು ನೋಡಬೇಕು

ನಮ್ಮ ಸಂಘದ ಭಾನುವಾರದ ಬೆಳಗಿನ ನಡಿಗೆ ಈ ಸಲವೂ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಶುರುವಾಗಿ ದೀಪಾವಳಿಯವರೆಗೆ ನಡೆಯಲಿದೆ. ಹೋದ ವರ್ಷ ಜೊತೆಗೆ ಬಂದ ಮಕ್ಕಳಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದ್ದರು: “ಇದು ಶರದೃತು ಅಂತೀರಿ, ಹಾಗಾದರೆ ಎಲೆ ಯಾಕೆ ಕೆಂಪಾಗಿಲ್ಲ?” ಪ್ರಶ್ನೆ ಸರಿಯಾದದ್ದೇ. ಅವರು ಓದುವ ಇಂಗ್ಲಿಷ್ ಪುಸ್ತಕದಲ್ಲಿ ಶರತ್ಕಾಲವೆಂದರೆ ಎಲೆ ಉದುರುವ ಚಿತ್ರ. ಅಮೆರಿಕದಲ್ಲಿರುವ ಅಣ್ಣ, ಅಕ್ಕಂದಿರು ಅಕ್ಟೋಬರಿನಲ್ಲಿ ಕಳಿಸುವ ಫೋಟೋಗಳಲ್ಲೂ ಅದೇ ಕೆಂಪು, ಅದೇ ಹಳದಿ. ಅದೇ ತಿಂಗಳು ಮಕ್ತಲ್‌ನ ಬೇವಿನ ಮರಗಳು ಹಸಿರಾಗಿ ನಿಂತಿರುತ್ತವೆ. ಹೀಗಾಗಿ ನಮ್ಮ ಕಡೆ ಋತುಗಳೇ ಇಲ್ಲ, ಬಿಸಿಲು ಮತ್ತು ಇನ್ನೂ ಹೆಚ್ಚು ಬಿಸಿಲು ಎರಡೇ ಇವೆ ಎಂದು ಮಕ್ಕಳು ತಿಳಿದುಬಿಡುತ್ತಾರೆ. ದೊಡ್ಡವರಲ್ಲೂ ಹಾಗೆ ಹೇಳುವವರಿದ್ದಾರೆ. ನಡಿಗೆಗೆ ಬರುವವರಿಗೆ ಏನು ನೋಡಬೇಕು, ಅದು ಯಾಕೆ ಹಾಗೆ ಎಂದು ಒಂದಿಷ್ಟು ಬರೆದಿಡೋಣ ಎನಿಸಿತು.

ಮೊದಲು ಎಲೆಯ ವಿಷಯ ಮುಗಿಸೋಣ. ಶೀತ ದೇಶಗಳಲ್ಲಿ ಮರಕ್ಕೆ ಕಷ್ಟದ ಕಾಲ ಚಳಿಗಾಲ. ಹಗಲು ಗಿಡ್ಡವಾಗುತ್ತಾ ಬಂದಂತೆ ಮರ ಎಲೆಯಲ್ಲಿರುವ ಸತ್ವವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಬಣ್ಣ ಕರಗಿದಾಗ ಬೇರೆ ಬಣ್ಣಗಳು ಕಾಣುತ್ತವೆ, ಆಮೇಲೆ ಎಲೆ ಉದುರುತ್ತದೆ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲಿಗೂ ಡಿಸೆಂಬರಿನ ಹಗಲಿಗೂ ಸುಮಾರು ಒಂಬತ್ತು ತಾಸಿನ ವ್ಯತ್ಯಾಸ. ಮಕ್ತಲ್ ಇರುವುದು 16 ಮತ್ತು 17ನೇ ಅಕ್ಷಾಂಶಗಳ ನಡುವೆ. ಇಲ್ಲಿ ಆ ವ್ಯತ್ಯಾಸ ಎರಡು ತಾಸು ಮಾತ್ರ. ನಮ್ಮ ಮರಗಳು ಚಳಿಗೆ ಹೆದರುವುದಿಲ್ಲ, ನೀರಿಲ್ಲದ ಬೇಸಿಗೆಗೆ ಹೆದರುತ್ತವೆ. ಅದಕ್ಕೇ ಬೇವು, ಮುತ್ತುಗ ಎಲೆ ಉದುರಿಸುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಬೇವು ಯುಗಾದಿಗೆ ಹೊಸ ಚಿಗುರು ತರುತ್ತದೆ. ಶರತ್ಕಾಲದಲ್ಲಿ ಮರ ನೋಡಿ ಋತು ಹೇಳುವುದು ನಮ್ಮಲ್ಲಿ ಕಷ್ಟ. ಮಣ್ಣು, ಹುಲ್ಲು, ಹೂವು, ನೆರಳು ನೋಡಬೇಕು.

ನಮ್ಮ ಹಿರಿಯರು ಈ ಎರಡು ತಿಂಗಳನ್ನು ಮಳೆ ನಕ್ಷತ್ರಗಳಲ್ಲಿ ಎಣಿಸುತ್ತಿದ್ದರು, ಈಗಲೂ ರೈತರು ಎಣಿಸುತ್ತಾರೆ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ ಎಂಬ ಲೆಕ್ಕದಲ್ಲಿ ಒಂದೊಂದಕ್ಕೆ ಹದಿಮೂರೂವರೆ ದಿನ ಬರುತ್ತದೆ. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರಿ, 27ರ ಸುಮಾರಿಗೆ ಹಸ್ತ, ಅಕ್ಟೋಬರ್ 10-11ಕ್ಕೆ ಚಿತ್ತ, 24ಕ್ಕೆ ಸ್ವಾತಿ. ತೆಲುಗಿನವರು ಇದನ್ನೇ ಕಾರ್ತೆ ಎನ್ನುತ್ತಾರೆ. ಹೆಸರುಗಳೂ ಅವೇ, ದಿನಗಳೂ ಅವೇ. ಪಂಚಾಂಗದ ತಿಥಿ ಚಂದ್ರನನ್ನು ಹಿಡಿದು ನಡೆಯುವುದರಿಂದ ದಸರೆ ಒಂದು ವರ್ಷ ಮುಂದೆ, ಒಂದು ವರ್ಷ ಹಿಂದೆ ಬರುತ್ತದೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದು, ಹಾಗಾಗಿ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬೀಳುತ್ತದೆ. ಬಿತ್ತನೆಗೆ ರೈತ ಹಬ್ಬವನ್ನು ನೋಡದೆ ನಕ್ಷತ್ರವನ್ನು ನೋಡುವುದಕ್ಕೆ ಕಾರಣ ಇದು.

ಉತ್ತರಿ, ಹಸ್ತ ಮಳೆಯ ಹದ ನೋಡಿಕೊಂಡು ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಮಳೆ ಬಾರದಿದ್ದರೂ ಆ ಬೆಳೆ ಕೈಗೆ ಬರುವುದುಂಟು. ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಆ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ನಡಿಗೆಯಲ್ಲಿ ಪ್ರತಿ ವಾರ ಒಂದೇ ಹೊಲದ ಬದುವಿನ ಹತ್ತಿರ ನಿಂತು ನೋಡಿ. ಮೊದಲ ವಾರ ಚಪ್ಪಲಿಗೆ ಮಣ್ಣು ಮೆತ್ತಿಕೊಂಡು ಕಾಲು ಭಾರವಾಗುತ್ತದೆ. ಮೂರನೇ ವಾರ ಮೇಲ್ಪದರ ಗಟ್ಟಿಯಾಗಿರುತ್ತದೆ. ಸ್ವಾತಿ ಹೊತ್ತಿಗೆ ಬೀಳು ಬಿಟ್ಟ ಜಾಗದಲ್ಲಿ ಬೆರಳು ಹೋಗುವಷ್ಟು ಬಿರುಕು ಕಾಣುತ್ತದೆ. ಮಸಾರಿ ಹೊಲದಲ್ಲಿ ಹೀಗಾಗುವುದಿಲ್ಲ; ಕೆಂಪು ಮಣ್ಣು ಬೇಗ ಆರುತ್ತದೆ, ಬಿರುಕು ಬಿಡುವುದು ಕಡಿಮೆ. ನಮ್ಮ ದಾರಿಯಲ್ಲಿ ಎರಡೂ ಬಗೆಯ ನೆಲ ಸಿಗುತ್ತದೆ, ಮಕ್ಕಳಿಗೆ ತೋರಿಸಲು ಸುಲಭ. ಹಸ್ತದಲ್ಲಿ ಬಿತ್ತಿದ ಇದೇ ಜೋಳ ಎಳ್ಳಮಾಸಿ ಹೊತ್ತಿಗೆ ಎತ್ತರ ಬೆಳೆದು ನಿಂತಿರುತ್ತದೆ, ಚರಗ ಚೆಲ್ಲುವುದು ಆಗ.

ಇನ್ನು ಹೂವು. ಪೆತರ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ ಒಂಬತ್ತು ದಿನ ನಮ್ಮ ಓಣಿಗಳಲ್ಲಿ ಬತುಕಮ್ಮ. ಕನ್ನಡ ಮನೆಯವರು, ತೆಲುಗು ಮನೆಯವರು ಎಂಬ ಭೇದವಿಲ್ಲದೆ ಹೆಣ್ಣುಮಕ್ಕಳು ಹೂ ಜೋಡಿಸುತ್ತಾರೆ. ಅದರಲ್ಲಿ ಮುಖ್ಯವಾದ ಹಳದಿ ಹೂ ತಂಗೇಡು. ನಾವು ತಂಗಡಿ ಎನ್ನುತ್ತೇವೆ, ಪುಸ್ತಕದ ಕನ್ನಡದಲ್ಲಿ ಆವರಿಕೆ. ತೊಗಲು ಹದ ಮಾಡಲು ಇದರ ತೊಗಟೆಯನ್ನು ಬಳಸುತ್ತಿದ್ದರು. ಇನ್ನೊಂದು ಗುನುಗು, ಬೆಳ್ಳಗೆ ತುದಿ ಗುಲಾಬಿಯಾಗಿ ತೆನೆಯ ಹಾಗೆ ನಿಲ್ಲುವ ಹೂ. ಕನ್ನಡದಲ್ಲಿ ಅಣ್ಣೆ, ಎಳೆಯದಿದ್ದಾಗ ಅದರ ಸೊಪ್ಪನ್ನು ಪಲ್ಯ ಮಾಡುತ್ತಾರೆ. ಎರಡೂ ಯಾರೂ ಬಿತ್ತದ ಗಿಡಗಳು, ಮುಂಗಾರಿನ ನೀರು ಕುಡಿದು ಸರಿಯಾಗಿ ಈ ಹೊತ್ತಿಗೆ ಹೂ ಬಿಡುತ್ತವೆ. ಹಬ್ಬ ಹೂವಿಗೆ ಹೊಂದಿಕೊಂಡು ಬಂದದ್ದೇ ಹೊರತು ಹೂವು ಹಬ್ಬಕ್ಕಾಗಿ ಬಂದದ್ದಲ್ಲ ಎಂದು ನಮ್ಮ ಎಣಿಕೆ.

ಗುನುಗು ಈಗ ಬದುಗಳಲ್ಲಿ ಮೊದಲಿನಷ್ಟಿಲ್ಲ. ರೈತನ ಕಣ್ಣಿಗೆ ಅದು ಕಳೆ. ಕಳೆ ಕೀಳಲು ಆಳು ಸಿಗದೆ ಔಷಧ ಹೊಡೆಯುವುದು ಹೆಚ್ಚಾಗಿದೆ. ಅವರನ್ನು ದೂರಿ ಪ್ರಯೋಜನವಿಲ್ಲ, ಕೂಲಿಯ ಲೆಕ್ಕ ಅವರಿಗೇ ಗೊತ್ತು. ಆದರೆ ಊರಿನ ಹತ್ತಿರವೇ ಸಿಗುತ್ತಿದ್ದ ಹೂವಿಗೆ ಹೆಣ್ಣುಮಕ್ಕಳು ದೂರ ನಡೆಯಬೇಕಾಗಿದೆ, ಇಲ್ಲವೆ ಸಂತೆಯಲ್ಲಿ ಕಟ್ಟಿಗೆ ಇಷ್ಟು ಎಂದು ಕೊಳ್ಳಬೇಕಾಗಿದೆ. ಎಲ್ಲೆಲ್ಲಿ ಇನ್ನೂ ಉಳಿದಿದೆ ಎಂದು ನಡಿಗೆಯಲ್ಲಿ ಗುರುತು ಹಾಕುತ್ತಿದ್ದೇವೆ. ಬೀಜ ಕಟ್ಟುವ ಮುಂಚೆ ಪೂರ್ತಿ ಕೊಯ್ಯಬೇಡಿ, ನಾಲ್ಕು ಗಿಡ ಬಿಡಿ ಎಂದು ಕೇಳಿಕೊಳ್ಳುತ್ತೇವೆ.

2014ರಲ್ಲಿ ತೆಲಂಗಾಣ ರಾಜ್ಯ ತನ್ನ ಗುರುತುಗಳನ್ನು ಆರಿಸಿಕೊಂಡಾಗ ಹೂವಾಗಿ ತಂಗೇಡು, ಮರವಾಗಿ ಜಮ್ಮಿ, ಹಕ್ಕಿಯಾಗಿ ಪಾಲಪಿಟ್ಟ ಬಂದವು. ಜಮ್ಮಿ ಎಂದರೆ ನಮ್ಮ ಬನ್ನಿ. ಪಾಲಪಿಟ್ಟ ಎಂದರೆ ನೀಲಕಂಠ, ಕರ್ನಾಟಕದ ರಾಜ್ಯಪಕ್ಷಿಯೂ ಅದೇ. ಗಡಿಯಲ್ಲಿರುವ ನಮಗೆ ಇದಕ್ಕಿಂತ ಅನುಕೂಲ ಏನು ಬೇಕು!

ಬನ್ನಿಯನ್ನು ಗುರುತಿಸುವುದು ಎಲ್ಲರಿಗೂ ಬರಬೇಕು, ಯಾಕೆಂದರೆ ದಸರೆಯ ದಿನ ಬಳ್ಳಾರಿ ಜಾಲಿಯ ಎಲೆ ತಂದು ಬನ್ನಿ ಎಂದು ಹಂಚಿದವರನ್ನೂ ನೋಡಿದ್ದೇವೆ. ಎರಡೂ ಒಂದೇ ಕುಲದವು, ಎಲೆಯೂ ದೂರದಿಂದ ಒಂದೇ ಥರ. ಮುಳ್ಳು ನೋಡಿ. ಬಳ್ಳಾರಿ ಜಾಲಿಯಲ್ಲಿ ಎಲೆ ಹುಟ್ಟುವ ಜಾಗದಲ್ಲೇ ಉದ್ದನೆಯ ಮುಳ್ಳು, ಹೆಚ್ಚಾಗಿ ಜೋಡಿಯಾಗಿ ಇರುತ್ತದೆ. ಬನ್ನಿಯಲ್ಲಿ ಗಿಡ್ಡ ಮುಳ್ಳು, ಬುಡ ದಪ್ಪ, ಕೊಂಬೆಯ ಉದ್ದಕ್ಕೂ ಅಲ್ಲಲ್ಲಿ ಚೆದುರಿರುತ್ತದೆ. ಜಾಲಿ ಹೊರಗಿನಿಂದ ಬಂದು ರಸ್ತೆ ಬದಿ, ಹಳ್ಳದ ದಂಡೆ ಎಲ್ಲ ಆಕ್ರಮಿಸಿತು. ಬನ್ನಿ ಹೊಲದ ನಡುವೆ ಒಂಟಿಯಾಗಿ ನಿಲ್ಲುತ್ತದೆ, ಬೇರು ತುಂಬ ಆಳಕ್ಕೆ ಇಳಿಯುವುದರಿಂದ ಬೆಳೆಯ ನೀರಿಗೆ ಕೈ ಹಾಕುವುದಿಲ್ಲ. ಟೊಂಗೆ ಮುರಿಯದೆ ನಾಲ್ಕು ಎಲೆ ಕಿತ್ತರೆ ಬಂಗಾರ ಕೊಡಲು ಸಾಕು.

ನೀಲಕಂಠ ಕೂತಾಗ ಮಂಕು ಕಂದು ಹಕ್ಕಿಯ ಹಾಗೆ ಕಾಣುತ್ತದೆ. ಹಾರಿದಾಗ ರೆಕ್ಕೆಯ ಎರಡು ಬಗೆಯ ನೀಲಿ ತೆರೆದುಕೊಳ್ಳುತ್ತದೆ. ಕರೆಂಟಿನ ತಂತಿಯ ಮೇಲೆ ಕೂತು ಹೊಲದಲ್ಲಿ ಮಿಡತೆ ಹುಡುಕುವುದು ಅದರ ಕೆಲಸ, ಆದ್ದರಿಂದ ರೈತನಿಗೆ ಬೇಕಾದ ಹಕ್ಕಿ. ದಸರೆಯ ದಿನ ಅದರ ದರ್ಶನ ಶುಭ ಎಂಬ ನಂಬಿಕೆಯನ್ನೇ ಹಿಡಿದು, ಹಕ್ಕಿಯನ್ನು ಪಂಜರದಲ್ಲಿಟ್ಟು ದುಡ್ಡಿಗೆ ತೋರಿಸುವವರು ಹೈದರಾಬಾದಿನಂಥ ಊರುಗಳಲ್ಲಿ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ತಂತಿಯ ಮೇಲಿನ ಹಕ್ಕಿಯನ್ನು ನೋಡಲು ಕಾಸು ಬೇಕಿಲ್ಲ, ಬೆಳಿಗ್ಗೆ ಬೇಗ ಎದ್ದರೆ ಸಾಕು.

ಮಕ್ಕಳಿಗೆ ತುಂಬ ಹಿಡಿಸುವುದು ಏರೋಪ್ಲೇನ್ ಚಿಟ್ಟೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಕೆರೆ, ಹೊಲಗಳ ಮೇಲೆ ಹಳದಿ ಮೈಯ ಚಿಟ್ಟೆಗಳು ಗುಂಪು ಗುಂಪಾಗಿ ಹಾರುತ್ತವೆ. ಈ ಜಾತಿಯವು ಭಾರತದಿಂದ ಮಾಲ್ಡೀವ್ಸ್ ದಾಟಿ ಪೂರ್ವ ಆಫ್ರಿಕಾದವರೆಗೆ ಸಮುದ್ರದ ಮೇಲೆ ಹಾರಿಹೋಗುತ್ತವೆ ಎಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಬರೆದರು. ಅಕ್ಟೋಬರಿನಲ್ಲಿ ಮಾಲ್ಡೀವ್ಸ್‌ಗೆ ಅವು ರಾಶಿರಾಶಿಯಾಗಿ ಬಂದಿಳಿಯುವುದೇ ಅವರ ಗಮನ ಸೆಳೆದದ್ದು. ಗೀಜಗನ ಗೂಡುಗಳು ಆಗ ಖಾಲಿಯಾಗುತ್ತಾ ಬಂದಿರುತ್ತವೆ, ಬಿದ್ದ ಗೂಡು ಸಿಕ್ಕರೆ ಹೆಕ್ಕಿಕೊಳ್ಳಬಹುದು. ಸೂಜಿ ಹುಲ್ಲಿನ ಬೀಜ ಬಟ್ಟೆಗೆ ಚುಚ್ಚಿದರೆ ಎಸೆಯಬೇಡಿ. ಅದರ ಬಾಲಕ್ಕೆ ಒಂದು ಹನಿ ನೀರು ಹಾಕಿ ಅಂಗೈಯಲ್ಲಿಟ್ಟುಕೊಳ್ಳಿ. ಬಾಲ ತಾನೇ ತಿರುಗುತ್ತದೆ. ರಾತ್ರಿಯ ಇಬ್ಬನಿಗೆ ಹೀಗೆ ತಿರುಗಿ ತಿರುಗಿಯೇ ಬೀಜ ಮಣ್ಣಿನೊಳಗೆ ಇಳಿಯುತ್ತದೆ.

ಕೃಷ್ಣಾ, ಮಾಗನೂರು ಮಂಡಲಗಳ ಕಡೆ ಹೋದಾಗ ಚಿಗರಿ ಹಿಂಡು ಕಾಣುವ ಸಂಭವವಿದೆ. ಅವುಗಳ ಹಿಂದೆ ಓಡಬೇಡಿ, ಕೂಗಬೇಡಿ. ಓಡಿದ ಹಿಂಡು ಮೊಳಕೆ ತುಳಿಯುತ್ತದೆ. ನಮಗೆ ಚಿಗರಿ ಚಂದ, ಎಳೆ ಬೆಳೆ ಕಾಯುತ್ತಾ ರಾತ್ರಿ ನಿದ್ದೆಗೆಟ್ಟ ರೈತನಿಗೆ ಅಲ್ಲ. ಅವರ ಎದುರು ಫೋಟೋ ತೆಗೆದು ಸಂಭ್ರಮಿಸುವುದು ಬೇಡ.

ಈ ನಡಿಗೆಗಳಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕೃಷ್ಣಾ ಮಂಡಲದ ಮುದುಮಾಲ್. ನದಿಯ ಹತ್ತಿರದ ಈ ಊರಿನ ಬಯಲಲ್ಲಿ ಸುಮಾರು 80 ಎತ್ತರದ ನಿಲುವುಗಲ್ಲುಗಳಿವೆ. ಹಲವು ಹತ್ತಡಿಗಿಂತ ಎತ್ತರ. ಸಾಲು ಹಿಡಿದ ಸಣ್ಣ ಕಲ್ಲುಗಳು ಬೇರೆ. ಮೂರು ಸಾವಿರ ವರ್ಷಕ್ಕೂ ಹಿಂದಿನವು ಎಂದು ಪುರಾತತ್ವಜ್ಞರು ಹೇಳುತ್ತಾರೆ. ಊರವರಿಗೆ ಅವು ನಿಲುರಾಳ್ಲ ತಿಮ್ಮಪ್ಪ, ಎಲ್ಲಮ್ಮ. ಹೈದರಾಬಾದ್ ವಿಶ್ವವಿದ್ಯಾಲಯದ ಕೆ. ಪಿ. ರಾವ್ ಅವರು ಇವುಗಳನ್ನು ಹಲವು ವರ್ಷ ಅಧ್ಯಯನ ಮಾಡಿ, ಸಾಲುಗಳು ಸೂರ್ಯೋದಯ, ಸೂರ್ಯಾಸ್ತದ ದಿಕ್ಕುಗಳಿಗೆ ಹೊಂದುತ್ತವೆ ಎಂದು ತೋರಿಸಿದರು. ಒಂದು ಕಲ್ಲಿನ ಮೇಲೆ ಕುಳಿಗಳನ್ನು ಕೊರೆದು ಸಪ್ತರ್ಷಿ ಮಂಡಲ ಮೂಡಿಸಿದ್ದಾರೆ. 2025ರಲ್ಲಿ ಈ ತಾಣ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಸೆಪ್ಟೆಂಬರ್ 22-23ಕ್ಕೆ ಹಗಲು ರಾತ್ರಿ ಸಮ, ಸೂರ್ಯ ನೇರ ಪೂರ್ವದಲ್ಲಿ ಹುಟ್ಟುತ್ತಾನೆ. ಅಲ್ಲಿಂದ ದಿನದಿನಕ್ಕೆ ದಕ್ಷಿಣಕ್ಕೆ ಸರಿದು, ಡಿಸೆಂಬರ್ 21ರ ಹೊತ್ತಿಗೆ ಸುಮಾರು 24 ಡಿಗ್ರಿ ಆಚೆ ಹುಟ್ಟುತ್ತಾನೆ. ಗೋಡೆಗಳ ನಡುವೆ ಇರುವ ನಮಗೆ ಇದು ಗೊತ್ತಾಗುವುದಿಲ್ಲ. ಬಯಲಿನಲ್ಲಿ ಕದಲದ ಕಲ್ಲೊಂದಿದ್ದರೆ ಗೊತ್ತಾಗುತ್ತದೆ. ನೆರಳಿನಲ್ಲೂ ಲೆಕ್ಕ ಸಿಗುತ್ತದೆ. ಹನ್ನೆರಡು ಅಡಿ ಎತ್ತರದ ಕಲ್ಲಿನ ನಡುಹಗಲ ನೆರಳು ಸೆಪ್ಟೆಂಬರ್ 23ಕ್ಕೆ ಮೂರೂವರೆ ಅಡಿ, ಅಕ್ಟೋಬರ್ ಕೊನೆಗೆ ಏಳು ಅಡಿಯ ಹತ್ತಿರ, ಡಿಸೆಂಬರ್ 21ಕ್ಕೆ ಹತ್ತು ಅಡಿ. ಮನೆಯ ಮಾಳಿಗೆಯ ಮೇಲೆ ಒಂದು ಕೋಲು ನೆಟ್ಟು, ಹನ್ನೆರಡು ದಾಟಿದ ಮೇಲೆ ನೆರಳು ಅತಿ ಗಿಡ್ಡವಾದಾಗ ಸುಣ್ಣದ ಗೆರೆ ಎಳೆಯಿರಿ. ಪ್ರತಿ ಭಾನುವಾರ ಒಂದು ಗೆರೆ. ದೀಪಾವಳಿ ಹೊತ್ತಿಗೆ ಮಕ್ಕಳು ತಾವೇ ಹೇಳುತ್ತಾರೆ, ಋತು ಎಲ್ಲಿದೆ ಎಂದು.

ಬೆಳಗಿನ ಐದಕ್ಕೆ ಹೊರಡಿ ಎನ್ನುವುದಕ್ಕೂ ಕಾರಣವಿದೆ. ಅಕ್ಟೋಬರ್ ನಡುವಿನಲ್ಲಿ ಆ ಹೊತ್ತಿಗೆ ದಕ್ಷಿಣದ ದಿಗಂತದಿಂದ ಸ್ವಲ್ಪ ಮೇಲೆ ಅಗಸ್ತ್ಯ ನಕ್ಷತ್ರ ಹೊಳೆಯುತ್ತದೆ, ಅದರ ಮೇಲೆ ಎತ್ತರದಲ್ಲಿ ಲುಬ್ಧಕ. ಈಶಾನ್ಯದಲ್ಲಿ ಸಪ್ತರ್ಷಿಗಳು ಏಳುತ್ತಿರುತ್ತಾರೆ. ಅಗಸ್ತ್ಯ ಉದಯಿಸಿದರೆ ನೀರು ತಿಳಿಯಾಗುತ್ತದೆ ಎಂದು ಹಿರಿಯರ ಮಾತು; ಮಳೆ ನಿಂತು, ಮೇಲಿನ ಅಣೆಕಟ್ಟುಗಳ ಪ್ರವಾಹ ಇಳಿದು ಕೃಷ್ಣೆಯ ಕೆಂಪು ತಿಳಿಯಾಗುವುದೂ ಇದೇ ದಿನಗಳಲ್ಲಿ.

ನಡಿಗೆಯಲ್ಲಿ ಕಂಡದ್ದನ್ನು ಬರೆಯಲು ಸಂಘದಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ತಾರೀಖು, ಮಳೆ ನಕ್ಷತ್ರ, ಜಾಗ, ಕಂಡದ್ದು, ಕನ್ನಡದ ಹೆಸರು, ತೆಲುಗಿನ ಹೆಸರು ಎಂದು ಆರು ಕಾಲಂ. ಐದನೇ ಕಾಲಂ ಎಷ್ಟೋ ಕಡೆ ಖಾಲಿ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಈ ಕಡೆ ಸೇರಿದ ಮೇಲೆ ಇಲ್ಲಿನ ಶಾಲೆಗಳಲ್ಲಿ ಕನ್ನಡ ಕಡಿಮೆಯಾಗುತ್ತಾ ಬಂತು. ಮನೆಯ ಮಾತು ಉಳಿಯಿತು. ಆದರೆ ಮನೆಯ ಮಾತಿನಲ್ಲಿ ಹೊಲದ ಗಿಡದ ಹೆಸರು ಬರಬೇಕಾದರೆ ಯಾರಾದರೂ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಕು. ಕೆಲವು ಹುಲ್ಲುಗಳ ಹೆಸರು ನಮ್ಮಲ್ಲಿ ಒಬ್ಬ ಹಿರಿಯ ತಾಯಿಗೆ ಮಾತ್ರ ಗೊತ್ತು. ಅವರಿಗೆ ಈಗ ನಡೆಯಲು ಆಗುವುದಿಲ್ಲ, ಗಿಡವನ್ನೇ ಕಿತ್ತು ಮನೆಗೆ ಒಯ್ದು ಕೇಳಿ ಬರೆದುಕೊಳ್ಳುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಅಂಥ ಅಜ್ಜಿ, ತಾತ ಇದ್ದರೆ ತಿಳಿಸಿ, ನಾವೇ ಪುಸ್ತಕ ಹಿಡಿದು ಬರುತ್ತೇವೆ.

ಭಾನುವಾರ ಬೆಳಿಗ್ಗೆ 5ಕ್ಕೆ ಪಡಮಟಿ ಆಂಜನೇಯ ಸ್ವಾಮಿ ಗುಡಿಯ ಮುಂದೆ ಸೇರುವುದು. ಪಡಮಟಿ ಎಂದರೆ ನಮ್ಮ ಪಡುವಣವೇ, ಅದನ್ನೂ ಪುಸ್ತಕದಲ್ಲಿ ಬರೆದಿದ್ದೇವೆ. ಟಾರ್ಚು, ನೀರು, ಮುಳ್ಳಿಗೆ ತಡೆಯುವ ಚಪ್ಪಲಿ ಇರಲಿ. ಮುದುಮಾಲ್‌ಗೆ ಹೋಗುವ ವಾರ ಬುತ್ತಿ ಕಟ್ಟಿಕೊಂಡು ಬನ್ನಿ. ಅಲ್ಲಿ ಕಲ್ಲು ಹತ್ತುವುದು, ಕಲ್ಲಿನ ಮೇಲೆ ಹೆಸರು ಬರೆಯುವುದು ಕೂಡದು. ಚಿಕ್ಕ ಮಕ್ಕಳ ಜೊತೆ ಮನೆಯವರು ಒಬ್ಬರಾದರೂ ಬರಬೇಕು.