ಕಥೆ ಮರೆತ ನಿರ್ದೇಶಕನ ಕೈಯಲ್ಲಿ ಬಣ್ಣದ ಪೆನ್ನು!

ನಾಯಕ ರೆಡಿ. ಯೂನಿಟ್ ರೆಡಿ. ನಿರ್ಮಾಪಕರ ದುಡ್ಡೂ ರೆಡಿ. ಹೊರಗೆ ಬಡಗಿಗಳು ಸೆಟ್ಟಿಗೆ ಮೊಳೆ ಹೊಡೀತಾ ಇದ್ದಾರೆ. ನಿರ್ದೇಶಕ ಮಾತ್ರ ತನ್ನ ಆಫೀಸಿನಲ್ಲಿ ಕೂತು ನಿರ್ಮಾಪಕರಿಗೆ ಕಾಗದ ಬರೀತಾ ಇದ್ದಾನೆ. ಈ ಚಿತ್ರ ನನ್ನ ಕೈಲಾಗೋಲ್ಲ, ಇಲ್ಲಿಗೇ ನಿಲ್ಲಿಸಿಬಿಡೋಣ ಅಂತ! ಕಾರಣ? ಯಾವ ಕಥೆ ತೆಗೀಬೇಕು ಅಂತ ಹೊರಟಿದ್ದನೋ ಆ ಕಥೆಯೇ ತಲೆಯಿಂದ ಹಾರಿಹೋಗಿದೆ!

ಇದು ನಮ್ಮ ಗಾಂಧಿನಗರದ ಗಾಳಿಸುದ್ದಿ ಅಲ್ಲ ಸ್ವಾಮೀ. 1962ರಲ್ಲಿ ಇಟಲಿಯ ರೋಮ್ ನಗರದ ಚಿನೆಚಿತ್ತಾ ಸ್ಟುಡಿಯೋದಲ್ಲಿ ನಡೆದದ್ದು. ನಿರ್ದೇಶಕನ ಹೆಸರು ಫೆಡರಿಕೋ ಫೆಲಿನಿ. ಹೊಸಬನೇ? ಖಂಡಿತ ಅಲ್ಲ. ‘ಲಾ ಸ್ತ್ರಾದಾ’ಕ್ಕೆ ಆಸ್ಕರ್ ಬಂದಿತ್ತು. ‘ನೈಟ್ಸ್ ಆಫ್ ಕಬೀರಿಯಾ’ಕ್ಕೂ ಆಸ್ಕರ್. 1960ರ ‘ಲಾ ಡೋಲ್ಚೆ ವೀಟಾ’ ಕಾನ್ ಚಿತ್ರೋತ್ಸವದ ದೊಡ್ಡ ಬಹುಮಾನ ಗೆದ್ದು ಊರೂರಲ್ಲಿ ಗದ್ದಲ ಎಬ್ಬಿಸಿತ್ತು. ಅಷ್ಟು ಗೆದ್ದವನ ತಲೆಗೇ ಬೀಗ ಬಿದ್ದುಬಿಟ್ಟಿತ್ತು!

ಮುಂದಿನದನ್ನು ಫೆಲಿನಿಯೇ ಹೇಳಿಕೊಂಡಿದ್ದಾನೆ. ಕಾಗದ ಅರ್ಧ ಆಗಿದೆ, ಅಷ್ಟರಲ್ಲಿ ಸ್ಟುಡಿಯೋದ ಕೆಲಸಗಾರರು ಬಂದು ಕರೆದರು. ಅವರಲ್ಲೊಬ್ಬನ ಹುಟ್ಟುಹಬ್ಬ. ಗ್ಲಾಸು ಎತ್ತಿ, ಈ ಚಿತ್ರ ಭರ್ಜರಿಯಾಗಲಿ ಅಂತ ಹಾರೈಸಿದರು. ಫೆಲಿನಿಗೆ ನಾಚಿಕೆಯಾಗಿಹೋಯ್ತು. ಇಷ್ಟು ಜನರನ್ನು ನಡುನೀರಲ್ಲಿ ಬಿಟ್ಟು ಓಡೋದೇ? ಹೊರಗೆ ಹೋಗಿ ಒಂದು ಬೆಂಚಿನ ಮೇಲೆ ಕೂತ. ಆಗ ಹೊಳೀತು: ಯಾವ ಚಿತ್ರ ಮಾಡಬೇಕು ಅಂತಲೇ ಗೊತ್ತಿಲ್ಲದ ಒಬ್ಬ ನಿರ್ದೇಶಕನ ಕಥೆಯನ್ನೇ ತೆಗೆದರೆ? ಅದೇ ‘ಎಂಟೂವರೆ’! ನಿರ್ದೇಶಕನ ಪಾತ್ರಕ್ಕೆ ಮಾರ್ಚೆಲೋ ಮಾಸ್ತ್ರೊಯಾನಿ, ಕನಸಿನ ಕನ್ಯೆಯಾಗಿ ಕ್ಲಾಡಿಯಾ ಕಾರ್ಡಿನಾಲೆ. 1963ರಲ್ಲಿ ತೆರೆಕಂಡು ಮಾಸ್ಕೋ ಚಿತ್ರೋತ್ಸವದ ಮೊದಲ ಬಹುಮಾನ, ಆಮೇಲೆ ಎರಡು ಆಸ್ಕರ್.

ಬೆಂಚಿನ ಮೇಲೆ ಕೂತ ತಕ್ಷಣ ದೇವರು ಬಂದು ಕಥೆ ಕೊಟ್ಟುಹೋದ ಅಂತ ತಿಳೀಬೇಡಿ. ಅದರ ಹಿಂದೆ ಒಂದು ಹಳೇ ಚಟ ಇತ್ತು.

ಗೀಚೋ ಚಟ

ಫೆಲಿನಿ ಹುಟ್ಟಿದ್ದು 1920ರಲ್ಲಿ, ರಿಮಿನಿ ಅನ್ನೋ ಸಮುದ್ರದಂಡೆಯ ಊರಲ್ಲಿ. ಊರಲ್ಲಿ ಫುಲ್ಗೊರ್ ಅಂತ ಟಾಕೀಸು. ಹುಡುಗ ಸಿನಿಮಾ ತಾರೆಯರ ವ್ಯಂಗ್ಯಚಿತ್ರ ಬರೆದುಕೊಡೋದು, ಟಾಕೀಸಿನವರು ಅದನ್ನು ಪ್ರಚಾರಕ್ಕೆ ಹಾಕೋದು. ಆಮೇಲೆ ರೋಮಿಗೆ ಬಂದು ‘ಮಾರ್ಕ್ ಔರೇಲಿಯೋ’ ಅನ್ನೋ ಹಾಸ್ಯಪತ್ರಿಕೆಯಲ್ಲಿ ಬರೆದ. 1944ರಲ್ಲಿ ಅಮೆರಿಕದ ಸೈನ್ಯ ರೋಮಿಗೆ ಬಂದಾಗ ಗೆಳೆಯರ ಜೊತೆ ಒಂದು ಅಂಗಡಿ ತೆಗೆದ. ಹೆಸರು ‘ಫನ್ನಿ ಫೇಸ್ ಶಾಪ್’. ಸೈನಿಕರ ಮೂತಿ ನೋಡಿ ತಮಾಷೆ ಚಿತ್ರ ಬರೆದುಕೊಡೋದು, ಕಾಸು ಇಸ್ಕೊಳ್ಳೋದು! ನಿರ್ದೇಶಕ ರೊಸೆಲಿನಿ ಈತನನ್ನು ಹುಡುಕಿಕೊಂಡು ಬಂದದ್ದು ಇದೇ ಅಂಗಡಿಗೆ. ‘ರೋಮ್ ಓಪನ್ ಸಿಟಿ’ಯ ಚಿತ್ರಕಥೆಗೆ ಫೆಲಿನಿ ಕೈ ಹಚ್ಚಿದ್ದು ಹಾಗೆ.

ದೊಡ್ಡ ನಿರ್ದೇಶಕನಾದ ಮೇಲೂ ಚಟ ಬಿಡಲಿಲ್ಲ. ಹೊಸ ಚಿತ್ರ ಅಂದರೆ ಮೊದಲು ಮೇಜಿನ ಮುಂದೆ ಕೂತು ಗೀಚೋದು. ಮೂಗು, ಮೀಸೆ, ಟೋಪಿ, ದಪ್ಪ ಹೆಂಗಸರು... ಉದ್ದೇಶ ಏನೂ ಇಲ್ಲ. ‘ಲಾ ಸ್ತ್ರಾದಾ’ದ ಗೆಲ್ಸೊಮಿನಾಳನ್ನು (ಆ ಪಾತ್ರ ಮಾಡಿದ್ದು ಈತನ ಹೆಂಡತಿ ಜೂಲಿಯೆಟಾ ಮಸೀನಾ) ಕ್ಯಾಮೆರಾ ನೋಡೋಕೆ ಮುಂಚೆಯೇ ಕಾಗದದ ಮೇಲೆ ಬರೆದು ನೋಡಿದ್ದ.

1960ರ ಕೊನೆಯಲ್ಲಿ ಇನ್ನೊಂದು ಶುರುವಾಯ್ತು. ಎರ್ನ್‌ಸ್ಟ್ ಬೆರ್ನ್‌ಹಾರ್ಡ್ ಅನ್ನೋ ಮನೋವೈದ್ಯರು, ರಾತ್ರಿ ಕಂಡ ಕನಸನ್ನು ಬರೆದಿಡಪ್ಪಾ ಅಂದರು. ಫೆಲಿನಿ ದಪ್ಪ ಲೆಕ್ಕದ ಪುಸ್ತಕ ತಂದು, ಕನಸನ್ನು ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಚಿತ್ರವನ್ನೂ ಬಿಡಿಸತೊಡಗಿದ. ನಡುವೆ ಕೆಲವು ವರ್ಷ ಬಿಟ್ಟದ್ದುಂಟು. ಆದರೂ 1990ರವರೆಗೆ ಈ ಆಟ ನಡೀತು. ಆತ ತೀರಿಕೊಂಡದ್ದು 1993ರಲ್ಲಿ. ಆ ಕನಸಿನ ಪುಸ್ತಕ ಅಚ್ಚಾಗಿ ಜನರ ಕೈಗೆ ಬಂದದ್ದು 2007ರಲ್ಲಿ. ಅಂದರೆ ಬರೀತಿದ್ದಾಗ ಚಪ್ಪಾಳೆ ಹೊಡೆಯೋಕೆ ಯಾರೂ ಇರಲಿಲ್ಲ!

ಗುಟ್ಟು ಇರೋದು ಅಲ್ಲೇ. ಸಿನಿಮಾ ಅಂದರೆ ನಿರ್ಮಾಪಕ ಇದ್ದಾನೆ, ಹಂಚಿಕೆದಾರ ಇದ್ದಾನೆ, ವಿಮರ್ಶಕ ಚಾಕು ಮಸೀತಾ ಇದ್ದಾನೆ. ಆ ಭಯಕ್ಕೇ ತಲೆ ಮರಗಟ್ಟಿಹೋಗುತ್ತೆ. ಬೆಳಿಗ್ಗೆ ಗೀಚಿದ ಚಿತ್ರಕ್ಕೆ ಟಿಕೆಟ್ ಕೌಂಟರ್ ಇಲ್ಲ, ಸೋಲೋ ಮಾತೂ ಇಲ್ಲ. ಕೈ ಸುಮ್ಮನೆ ಓಡಾಡುತ್ತೆ. ಕೈ ಓಡಾಡ್ತಾ ಇದ್ದರೆ ತಲೆ ಹಿಂದಿನಿಂದ ಬರುತ್ತೆ. ‘ಎಂಟೂವರೆ’ ಷೂಟಿಂಗ್ ಹೊತ್ತಿಗೆ, ಇದು ತಮಾಷೆ ಚಿತ್ರ ಅಂತ ನೆನಪಿಡು ಅನ್ನೋ ಅರ್ಥದ ಚೀಟಿಯನ್ನು ಕ್ಯಾಮೆರಾಕ್ಕೆ ಅಂಟಿಸಿಕೊಂಡಿದ್ದನಂತೆ ಪುಣ್ಯಾತ್ಮ!

ಎಲ್ಲಾ ಸಲವೂ ಗೆಲುವೇ?

ಇಲ್ಲ. ಸುಳ್ಳು ಹೇಳಬಾರದು. ‘ಮಾಸ್ತೋರ್ನಾನ ಪ್ರಯಾಣ’ ಅನ್ನೋ ಚಿತ್ರಕ್ಕೆ 1966ರಲ್ಲಿ ಸೆಟ್ಟನ್ನೂ ಹಾಕಿಸಿದ್ದಾಯ್ತು. ಈ ಸಲ ಫೆಲಿನಿ ಹಿಂದೆ ಸರಿದೇಬಿಟ್ಟ. ನಿರ್ಮಾಪಕ ದಿನೋ ದೆ ಲಾರೆಂತಿಸ್ ಜೊತೆ ಜಗಳ, 1967ರಲ್ಲಿ ಆಸ್ಪತ್ರೆ ವಾಸ. ಆ ಸಿನಿಮಾ ಕೊನೆಗೂ ಆಗಲೇ ಇಲ್ಲ. ಆದರೆ 1992ರಲ್ಲಿ ಅದೇ ಕಥೆಯ ಮೊದಲ ಭಾಗ ಕಾಮಿಕ್ಸ್ ರೂಪದಲ್ಲಿ ಬಂತು. ಚಿತ್ರ ಬರೆದದ್ದು ಮಿಲೋ ಮನಾರಾ. ಗೀಚಿದರೆ ಬೀಗ ತೆಗೆದೇ ತೆಗೆಯುತ್ತೆ ಅಂತ ಗ್ಯಾರಂಟಿ ಇಲ್ಲ. ಆದರೆ ಬೀಗದ ಮುಂದೆ ಕೂತು ತುಕ್ಕು ಹಿಡಿಯೋದು ತಪ್ಪುತ್ತೆ.

ಜಪಾನಿನ ಅಕಿರಾ ಕುರೊಸಾವಾನನ್ನೇ ನೋಡಿ. ಆತ ಮೊದಲು ಚಿತ್ರಕಲಾವಿದನಾಗಬೇಕು ಅಂತಿದ್ದವನು. 1970ರ ದಶಕದಲ್ಲಿ ‘ಕಾಗೆಮುಶಾ’ಕ್ಕೆ ದುಡ್ಡು ಹಾಕೋರು ಸಿಗಲಿಲ್ಲ. ಸುಮ್ಮನೆ ಕೂರಲಿಲ್ಲ ಮುದುಕ. ಸಿನಿಮಾ ಆಗದಿದ್ದರೆ ಚಿತ್ರಗಳಾದರೂ ಉಳೀಲಿ ಅಂತ ಕುದುರೆ, ಯೋಧ, ಬಾವುಟಗಳನ್ನು ಬಣ್ಣದಲ್ಲಿ ಬರೀತಾ ಹೋದ. ಕೊನೆಗೆ ಅಮೆರಿಕದ ಕೊಪೊಲಾ, ಲ್ಯೂಕಾಸ್ ಮುಂದೆ ಬಂದು ದುಡ್ಡಿಗೆ ದಾರಿ ಮಾಡಿಸಿದರು. 1980ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಬಹುಮಾನದಲ್ಲಿ ಅದಕ್ಕೂ ಪಾಲು ಸಿಕ್ಕಿತು.

ನಮ್ಮಲ್ಲಿ ಕಥೆ ಹೊಳೀಲಿಲ್ಲ ಅಂದರೆ ಹೋಟೆಲ್ ರೂಮು ಹಾಕಿ, ಕಾಫಿ ಮೇಲೆ ಕಾಫಿ ಕುಡಿದು, ‘ಮೂಡ್ ಬರಲಿ ಸಾರ್’ ಅಂತ ಕಾಯ್ತೀವಿ. ಓದುಗರಲ್ಲೂ ಎಷ್ಟೋ ಜನ ಕಥೆ, ಹಾಡು ಬರೀಬೇಕು ಅಂತ ನೋಟ್‌ಬುಕ್ ಕೊಂಡಿರ್ತೀರಿ. ಮೊದಲ ಪುಟದ ಬಿಳುಪು ನೋಡಿಯೇ ಮುಚ್ಚಿಟ್ಟಿರ್ತೀರಿ. ಅಂಥವರಿಗೆ ಈ ಬಡ ಪತ್ರಕರ್ತನ ಸಲಹೆ: ದಿನಾ ಹತ್ತು ನಿಮಿಷ ಸಾಕು. ಚೆನ್ನಾಗಿ ಬರೀಬೇಕು ಅನ್ನೋ ಹಟ ಬೇಡ. ರಬ್ಬರು ಮುಟ್ಟಬೇಡಿ. ಯಾರಿಗೂ ತೋರಿಸಬೇಡಿ. ಕಂಡಕ್ಟರ ಮೂಗು, ಬಸ್ಸಿನಲ್ಲಿ ನಿದ್ದೆ ಹೊಡೆಯೋ ಮಾವನ ಬಾಯಿ, ನಿನ್ನೆ ರಾತ್ರಿಯ ಕನಸು, ಏನಾದರೂ ಆದೀತು. ಮುಗಿದ ಮೇಲೆ ತಾರೀಖು ಹಾಕಿ ಮಡಚಿಡಿ. ನಾಳೆ ಇನ್ನೊಂದು.

ಕಾಗದ ಇಲ್ಲವೇ? ಈ ಪತ್ರಿಕೆಯ ನಡುಪುಟದ ತಾರೆಗೇ ಒಂದು ಮೀಸೆ ಬರೀರಿ. ಸಂಪಾದಕರು ಬೇಜಾರು ಮಾಡ್ಕೊಳ್ಳೋಲ್ಲ!